ಮಕ್ಕಳ ಆಸ್ಪತ್ರೆಗೆ ಅಂಕ ಹಾಕೋದು ಹೇಗೆ? ಕಲಬುರಗಿ, ಯಾದಗಿರಿ, ಬೀದರ್ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೂತು ಮಕ್ಕಳ ವಾರ್ಡಿನ ಅಂಕಿ ಕೂಡಿಸಿ ಮೇಲಕ್ಕೆ ಕಳಿಸೋದು ನನ್ನ ಕೆಲಸ. ತಿಂಗಳಿಗೊಮ್ಮೆ ರಿವ್ಯೂ ಮೀಟಿಂಗ್ ಇರುತ್ತದೆ. ಪರದೆ ಮೇಲೆ ಆಸ್ಪತ್ರೆಗಳ ಪಟ್ಟಿ ಬರುತ್ತದೆ. ಮೇಲಿನವು ಹಸಿರು, ಕೆಳಗಿನವು ಕೆಂಪು. ಕೆಂಪಿನಲ್ಲಿ ಇದ್ದವರು ಮಾತಾಡದೆ ಫೈಲು ನೋಡುತ್ತಾ ಕೂರುತ್ತಾರೆ. ಮೀಟಿಂಗ್ ಮುಗಿದು ಚಹಾ ಕುಡಿಯುವಾಗ ಸಿಸ್ಟರ್‌ಗಳು, ಆಶಾ ಅಕ್ಕಂದಿರು, ಒಮ್ಮೊಮ್ಮೆ ಪೇಪರಿನವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ರಿಜಿಸ್ಟರ್ ತಿರುವಿ ತಿರುವಿ ಗೊತ್ತಾದದ್ದು ಇಷ್ಟು.

ಮಕ್ಕಳ ಆಸ್ಪತ್ರೆಯಲ್ಲಿ ಅಳೆಯೋದು ಏನನ್ನ?

ಮುಖ್ಯವಾಗಿ ನಾಲ್ಕೈದು ಸಂಗತಿ. ಎಷ್ಟು ಮಕ್ಕಳು ದಾಖಲಾದವು, ಎಷ್ಟು ಗುಣವಾಗಿ ಹೋದವು, ಎಷ್ಟು ತೀರಿಕೊಂಡವು, ಎಷ್ಟನ್ನು ಬೇರೆ ಕಡೆ ರೆಫರ್ ಮಾಡಿದರು, ಎಷ್ಟು ಮಕ್ಕಳನ್ನು ಡಾಕ್ಟರ್ ಬೇಡ ಅಂದರೂ ಮನೆಯವರು ಕರೆದುಕೊಂಡು ಹೋದರು. ಈ ಕೊನೆಯದಕ್ಕೆ ಆಸ್ಪತ್ರೆಯಲ್ಲಿ ‘ಲಾಮಾ’ ಅಂತಾರೆ. ಡಿಸ್ಚಾರ್ಜ್ ಆದ ಮಗು ಕೆಲವು ದಿನದಲ್ಲೇ ಅದೇ ತೊಂದರೆ ಇಟ್ಟುಕೊಂಡು ವಾಪಸ್ ಬಂತಾ ಅನ್ನೋದನ್ನೂ ಕೆಲವು ಕಡೆ ಎಣಿಸುತ್ತಾರೆ.

ಇದರ ಜೊತೆ ಗುಣಮಟ್ಟದ ತಪಾಸಣೆ ಬೇರೆ ಇದೆ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ವಿಭಾಗಗಳಿಗೆ ಅಂತಲೇ ‘ಮುಸ್ಕಾನ್’ ಶುರು ಮಾಡಿತು. ನವಜಾತ ಶಿಶುಗಳ ಘಟಕ, ಮಕ್ಕಳ ವಾರ್ಡ್, ಒಪಿಡಿ, ಅಪೌಷ್ಟಿಕ ಮಕ್ಕಳನ್ನು ಇಟ್ಟುಕೊಂಡು ಆರೈಕೆ ಮಾಡುವ ಎನ್‌ಆರ್‌ಸಿ (ಪೌಷ್ಟಿಕ ಪುನಶ್ಚೇತನ ಕೇಂದ್ರ), ಎಲ್ಲವನ್ನೂ ಅದರಲ್ಲಿ ನೋಡುತ್ತಾರೆ. ಅದು ಹೆಚ್ಚಾಗಿ ‘ಏನು ಇದೆ, ಏನು ಮಾಡುತ್ತೀರಿ’ ಅನ್ನುವ ಲೆಕ್ಕ. ಜಗಳ ಬರೋದು ಅಲ್ಲಲ್ಲ. ‘ಕೊನೆಗೆ ಏನಾಯಿತು’ ಅನ್ನುವ ಲೆಕ್ಕದಲ್ಲಿ.

ಸಾವು ಜಾಸ್ತಿ ಇದ್ದರೆ ಆ ಆಸ್ಪತ್ರೆ ಕೆಟ್ಟದ್ದು ಅಂತಲೇ ಅಲ್ವಾ?

ಅಲ್ಲ. ಒಂದು ಕಟ್ಟಿದ ಲೆಕ್ಕ ನೋಡೋಣ, ಇದು ಯಾವ ಊರಿನದ್ದೂ ಅಲ್ಲ.

ದೊಡ್ಡಾಸ್ಪತ್ರೆಗೆ 300 ಮಕ್ಕಳು ಬಂದವು. ಅದರಲ್ಲಿ 100 ಮಕ್ಕಳಿಗೆ ಸಾಧಾರಣ ಕಾಯಿಲೆ, 200 ಮಕ್ಕಳ ಸ್ಥಿತಿ ಗಂಭೀರ. ಸಾಧಾರಣದಲ್ಲಿ 2, ಗಂಭೀರದಲ್ಲಿ 20 ಮಕ್ಕಳು ತೀರಿಕೊಂಡವು. ಒಟ್ಟು 22. ಸಣ್ಣಾಸ್ಪತ್ರೆಗೂ 300 ಮಕ್ಕಳು ಬಂದವು. ಅಲ್ಲಿ 250 ಸಾಧಾರಣ, 50 ಗಂಭೀರ. ತೀರಿಕೊಂಡದ್ದು 10 ಮತ್ತು 8, ಒಟ್ಟು 18.

ಪರದೆ ಮೇಲೆ ಒಟ್ಟು ಅಂಕಿ ಹಾಕಿದರೆ ದೊಡ್ಡಾಸ್ಪತ್ರೆ ಕೆಂಪು, ಸಣ್ಣಾಸ್ಪತ್ರೆ ಹಸಿರು. ಬಿಡಿಸಿ ನೋಡಿ. ಸಾಧಾರಣ ಮಕ್ಕಳಲ್ಲಿ ದೊಡ್ಡಾಸ್ಪತ್ರೆಯ ಸಾವು ನೂರಕ್ಕೆ 2, ಸಣ್ಣಾಸ್ಪತ್ರೆಯದು 4. ಗಂಭೀರ ಮಕ್ಕಳಲ್ಲಿ ದೊಡ್ಡಾಸ್ಪತ್ರೆಯದು ನೂರಕ್ಕೆ 10, ಸಣ್ಣಾಸ್ಪತ್ರೆಯದು 16. ಎರಡೂ ಕಡೆ ದೊಡ್ಡಾಸ್ಪತ್ರೆಯೇ ಚೆನ್ನಾಗಿ ಮಾಡಿದೆ. ಆದರೂ ಒಟ್ಟಿನಲ್ಲಿ ಸೋತಿದೆ, ಯಾಕಂದರೆ ಎಲ್ಲರೂ ಕೈಬಿಟ್ಟ ಮಕ್ಕಳು ಅಲ್ಲಿಗೇ ಬರುತ್ತವೆ.

ಇದನ್ನು ಸರಿ ಮಾಡೋದಕ್ಕೆ ಒಂದು ಹಳೆಯ ದಾರಿ ಇದೆ. ಎರಡೂ ಆಸ್ಪತ್ರೆ ಸೇರಿಸಿ ಸರಾಸರಿ ತೆಗೆದು, ‘ಇಂಥ ಮಕ್ಕಳು ಬಂದರೆ ಎಷ್ಟು ಸಾವು ಆಗಬಹುದಿತ್ತು’ ಅಂತ ನೋಡೋದು. ಮೇಲಿನ ಲೆಕ್ಕದಲ್ಲಿ ದೊಡ್ಡಾಸ್ಪತ್ರೆಯಲ್ಲಿ ಸುಮಾರು 26 ಆಗಬಹುದಿತ್ತು, ಆದದ್ದು 22. ಸಣ್ಣಾಸ್ಪತ್ರೆಯಲ್ಲಿ ಸುಮಾರು 14 ಆಗಬಹುದಿತ್ತು, ಆದದ್ದು 18. ಈಗ ಹಸಿರು ಯಾವುದು, ಕೆಂಪು ಯಾವುದು ಹೇಳಿ.

ಕಾಯಿಲೆ ಎಷ್ಟು ಜೋರು ಅನ್ನೋದನ್ನ ಲೆಕ್ಕಕ್ಕೆ ಹಿಡಿಯೋದು ಸರಿ. ಮನೆಯ ಬಡತನವನ್ನ ಯಾಕೆ ಹಿಡಿಯಬೇಕು?

ಇದಕ್ಕೆ ಒಬ್ಬ ತಾಯಿಯ ಕಥೆ ಹೇಳಬೇಕು. ಎನ್‌ಆರ್‌ಸಿಗೆ ಒಂದು ತಾಂಡಾದಿಂದ ಬಂದಿದ್ದಳು. ಮಗುವಿಗೆ ಹದಿಮೂರು ತಿಂಗಳು. ಅಂಗನವಾಡಿ ಟೀಚರ್ ತೋಳಿಗೆ ಟೇಪು ಸುತ್ತಿದಾಗ ಕೆಂಪು ಪಟ್ಟಿಯೊಳಗೆ ಬಂದಿತ್ತು, ಅಂದರೆ 11.5 ಸೆಂಟಿಮೀಟರ್‌ಗಿಂತ ಕಡಿಮೆ. ಅಂಥ ಮಕ್ಕಳನ್ನು ‘ಸ್ಯಾಮ್ ಮಗು’ ಅಂತಾರೆ, ಅಂದರೆ ತೀವ್ರ ಅಪೌಷ್ಟಿಕತೆ ಇರುವ ಮಗು. ಸುಮಾರು ಹದಿನಾಲ್ಕು ದಿನ ತಾಯಿ ಮಗು ಇಬ್ಬರೂ ಅಲ್ಲೇ ಇರಬೇಕು. ಹಾಲು, ಗಂಜಿ, ಔಷಧಿ ಎಲ್ಲ ಲೆಕ್ಕ ಹಿಡಿದು ಕೊಡುತ್ತಾರೆ. ದಿನಾ ತೂಕ ನೋಡುತ್ತಾರೆ. ಕೂಲಿ ಹೋಯಿತಲ್ಲ ಅಂತ ತಾಯಿಗೆ ಸ್ವಲ್ಪ ದುಡ್ಡೂ ಸಿಗುತ್ತದೆ.

ಆರನೇ ದಿನ ಅವಳು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಿಸ್ಟರ್ ತಡೆದರು. “ಯಾಕಬೇ ಹೊಂಟಿ? ಕೂಸು ಈಗ ಹಿಡ್ಕೊಂಡೈತಿ, ಇನ್ನೊಂದ್ ವಾರ ಇರು.” ಅವಳು ಹೇಳಿದ್ದು ಇಷ್ಟೇ: “ಇರಬೇಕಂದ್ರ ಇರ್ತಿದ್ದೆ ಸಿಸ್ಟರ್. ಮನ್ಯಾಗ ಎರಡು ಅದಾವ, ಅವಕ್ಕ ಯಾರು ರೊಟ್ಟಿ ಮಾಡಿ ಹಾಕ್ತಾರ? ತೊಗರಿ ರಾಶಿ ಬಂದದ.”

ಎನ್‌ಆರ್‌ಸಿಗಳಿಗೆ 2011ರ ಮಾರ್ಗಸೂಚಿ ಇದೆ. ಗುಣವಾಗಿ ಹೋಗುವ ಮಕ್ಕಳು ನೂರಕ್ಕೆ 75ಕ್ಕಿಂತ ಮೇಲಿರಬೇಕು, ಸಾವು 5ಕ್ಕಿಂತ ಕಡಿಮೆ ಇರಬೇಕು, ಮಧ್ಯದಲ್ಲೇ ಬಿಟ್ಟು ಹೋಗುವವರು 15ಕ್ಕಿಂತ ಕಡಿಮೆ ಇರಬೇಕು. ಬಿಟ್ಟು ಹೋದವರಿಗೆ ರಿಜಿಸ್ಟರ್‌ನಲ್ಲಿ ‘ಡಿಫಾಲ್ಟರ್’ ಅಂತ ಬರೆಯುತ್ತೇವೆ, ಬ್ಯಾಂಕ್ ಸಾಲ ಕಟ್ಟದವರಿಗೆ ಹೇಳಿದ ಹಾಗೆ. ಆ ಪದ ಬರೆಯುವಾಗ ಪ್ರತಿ ಸಲ ನನಗೆ ಕಸಿವಿಸಿ ಆಗುತ್ತದೆ.

ಈಗ ನೋಡಿ. ಆಸ್ಪತ್ರೆಯ ಹಾಲಿನಲ್ಲಿ ಕೊರತೆ ಇರಲಿಲ್ಲ. ಸಿಸ್ಟರ್ ಕೆಲಸದಲ್ಲೂ ಕೊರತೆ ಇರಲಿಲ್ಲ. ಆದರೆ ರಾಶಿಯ ಕಾಲದಲ್ಲಿ ಆ ಎನ್‌ಆರ್‌ಸಿಯ ಅಂಕ ಬಿತ್ತು. ಉಳಿದ ಮಕ್ಕಳನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಅತ್ತೆ ಇದ್ದು, ಗಂಡನಿಗೆ ತಿಂಗಳ ಸಂಬಳ ಬರುವ ತಾಯಂದಿರೇ ಹೆಚ್ಚು ಬರುವ ಎನ್‌ಆರ್‌ಸಿಗೆ ಈ ಪೆಟ್ಟು ಬೀಳೋದಿಲ್ಲ.

ನಮ್ಮ ಕಡೆ ಮಕ್ಕಳ ಆರೋಗ್ಯಕ್ಕೆ ಅಡ್ಡ ಬರುವಂಥವು ಯಾವುವು?

ಮೊದಲನೆಯದು ಗುಳೆ. ದೀಪಾವಳಿ ಆಸುಪಾಸಿನಲ್ಲಿ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ, ಉಳಿದ ಕಾಲದಲ್ಲಿ ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ. ಡಿಸ್ಚಾರ್ಜ್ ಆದ ಮಗುವನ್ನು ಹದಿನೈದು ದಿನ ಬಿಟ್ಟು ತೋರಿಸಿ ಅಂತ ಕಾರ್ಡಿನಲ್ಲಿ ಬರೆದಿರುತ್ತದೆ. ಆ ಹೊತ್ತಿಗೆ ಮಗು ಬೇರೆ ರಾಜ್ಯದ ಒಂದು ಕಬ್ಬಿನ ಗದ್ದೆಯ ಬದುವಿನಲ್ಲಿ ಜೋಳಿಗೆಯಲ್ಲಿ ಮಲಗಿರುತ್ತದೆ. ಆಶಾ ಅಕ್ಕ ಮನೆಗೆ ಹೋದರೆ ಬೀಗ.

ಎರಡನೆಯದು ದೂರ. ಹುಣಸಗಿ ಕಡೆಯಿಂದ ಕಲಬುರಗಿಗೆ ಬರೋದು ನೂರು ಕಿಲೋಮೀಟರ್‌ಗೂ ಮೇಲೆ. 108 ಬಂದರೂ ಹೋಗೋಕೆ ಮಾತ್ರ ಸಿಗುತ್ತದೆ. ವಾಪಸ್ ಬರುವ ಖರ್ಚು, ಜೊತೆಗೆ ಬಂದವರ ಊಟ, ಕಳೆದ ಕೂಲಿ, ಇದೆಲ್ಲ ಕೂಡಿಸಿದರೆ ‘ಉಚಿತ ಚಿಕಿತ್ಸೆ’ ಅನ್ನೋ ಮಾತು ಅರ್ಧಕ್ಕೆ ಇಳಿಯುತ್ತದೆ.

ಮೂರನೆಯದು ಓದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಕಡಿಮೆ. ರಾಜ್ಯದ ಸರಾಸರಿ ಶೇ. 75 ದಾಟಿತ್ತು. ಹೆಂಗಸರದ್ದು ಇನ್ನೂ ಕೆಳಗೆ. ಅಂಥ ಕಡೆ ಡಿಸ್ಚಾರ್ಜ್ ಕಾರ್ಡ್ ಇಂಗ್ಲಿಷಿನಲ್ಲಿ ಕೊಟ್ಟು, ಮಗು ವಾಪಸ್ ಬಂದಾಗ “ಔಷಧಿ ಸರಿಯಾಗಿ ಕೊಟ್ಟಿಲ್ಲ” ಅಂತ ತಾಯಿಯನ್ನು ಬೈಯೋದು ಯಾವ ನ್ಯಾಯ?

ಭಾಷೆಯೂ ಒಂದಲ್ಲ. ಸೇಡಂ, ಗುರುಮಠಕಲ್ ಕಡೆ ತೆಲುಗು, ಬಸವಕಲ್ಯಾಣ, ಆಳಂದ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ದಖನಿ ಉರ್ದು. ಬೆಂಗಳೂರಿನಿಂದ ಪೋಸ್ಟಿಂಗ್ ಆಗಿ ಬಂದ ಹೊಸ ಡಾಕ್ಟರ್‌ಗೆ ನಮ್ಮ ಕನ್ನಡವೇ ಅರ್ಥ ಆಗೋಕೆ ಮೂರು ತಿಂಗಳು ಬೇಕು.

ಇನ್ನು ತಾಯಿಯ ಮೈಯಲ್ಲಿ ರಕ್ತ ಕಡಿಮೆ, ಸಣ್ಣ ವಯಸ್ಸಿಗೆ ಮದುವೆ, ಬೇಸಿಗೆಯಲ್ಲಿ ನೀರಿನ ತಾಪತ್ರಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಸರಾಸರಿ ಶೇ. 35ರ ಆಸುಪಾಸು. ಇಂಥ ಮಗುವಿಗೆ ನ್ಯುಮೋನಿಯಾ ಬಂದರೆ ಅದು ಬೇರೆಯೇ ಕಾಯಿಲೆ ಅಂತ ಇಟ್ಟುಕೊಳ್ಳಿ.

ಈಗಿನ ಲೆಕ್ಕದಲ್ಲಿ ಇದನ್ನೆಲ್ಲ ಹಿಡಿಯೋದೇ ಇಲ್ವಾ?

ಸ್ವಲ್ಪ ಹಿಡಿಯುತ್ತಾರೆ. ನವಜಾತ ಶಿಶುಗಳ ಘಟಕದಲ್ಲಿ, ಎಸ್‌ಎನ್‌ಸಿಯು ಅಂತಾರಲ್ಲ, ಅಲ್ಲಿ ಮಕ್ಕಳನ್ನು ಎರಡಾಗಿ ಬರೆಯುತ್ತಾರೆ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ್ದು ‘ಇನ್‌ಬಾರ್ನ್’, ಹೊರಗೆ ಹುಟ್ಟಿ ಬಂದದ್ದು ‘ಔಟ್‌ಬಾರ್ನ್’. ಇದು ಬಹಳ ಜಾಣತನದ ಕೆಲಸ. ಹೆರಿಗೆ ಕೋಣೆಯಿಂದ ಎತ್ತಿಕೊಂಡು ಬಂದ ಕೂಸೂ, ಡಿಸೆಂಬರ್ ಚಳಿಯಲ್ಲಿ ಸೀರೆಯಲ್ಲಿ ಸುತ್ತಿ ಎರಡು ತಾಸು ಜೀಪಿನಲ್ಲಿ ತಂದ ಕೂಸೂ ಒಂದೇ ಅಲ್ಲ. ಎರಡನೆಯದರ ಕೈಕಾಲು ಮುಟ್ಟಿದರೆ ತಣ್ಣಗೆ ಕೊರೆಯುತ್ತಿರುತ್ತವೆ. ಬಂದ ಕೂಡಲೇ ಮೊದಲು ಮೈ ಬೆಚ್ಚಗೆ ಮಾಡಬೇಕು, ಆಮೇಲೆ ಉಳಿದದ್ದು.

ಆದರೆ ಔಟ್‌ಬಾರ್ನ್ ಅನ್ನೋ ಒಂದೇ ಚೀಲದಲ್ಲಿ ಎಲ್ಲ ತುಂಬುತ್ತೇವೆ. ಪಕ್ಕದ ಬೀದಿಯ ನರ್ಸಿಂಗ್ ಹೋಮಿನಿಂದ ಹತ್ತು ನಿಮಿಷದಲ್ಲಿ ಬಂದದ್ದೂ ಔಟ್‌ಬಾರ್ನ್, ಹೊಲದಲ್ಲಿ ಹೆರಿಗೆಯಾಗಿ ಮಾರನೇ ದಿನ ಬಂದದ್ದೂ ಔಟ್‌ಬಾರ್ನ್.

ಬೇರೆ ದೇಶಗಳಲ್ಲಿ ಹೇಗೆ?

ಅಮೆರಿಕದಲ್ಲಿ ಇದು ದುಡ್ಡಿನ ಪ್ರಶ್ನೆ ಆಯಿತು. 2012ರ ಅಕ್ಟೋಬರ್‌ನಿಂದ ಅಲ್ಲಿ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್, ರೋಗಿಗಳು ಬೇಗ ವಾಪಸ್ ದಾಖಲಾದರೆ ಆಸ್ಪತ್ರೆಗೆ ದಂಡ ಹಾಕೋಕೆ ಶುರು ಮಾಡಿತು. ಬಡವರು ಜಾಸ್ತಿ ಬರುವ ಆಸ್ಪತ್ರೆಗಳಿಗೆ ದಂಡವೂ ಜಾಸ್ತಿ ಬಿತ್ತು. ದುಡ್ಡು ಕಡಿಮೆ ಇರುವ ಆಸ್ಪತ್ರೆಯಿಂದಲೇ ದುಡ್ಡು ಕಿತ್ತುಕೊಂಡ ಹಾಗೆ. ಗದ್ದಲ ಎದ್ದಮೇಲೆ 2016ರಲ್ಲಿ ಕಾನೂನು ಬದಲಾಯಿತು. ಬಡ ರೋಗಿಗಳ ಪ್ರಮಾಣ ನೋಡಿ ಆಸ್ಪತ್ರೆಗಳನ್ನು ಐದು ಗುಂಪು ಮಾಡಿ, ಗುಂಪಿನೊಳಗೇ ಹೋಲಿಸೋಕೆ ಶುರು ಮಾಡಿದರು.

ಮಕ್ಕಳ ಆಸ್ಪತ್ರೆಗಳ ಬಗ್ಗೆಯೂ ಅದೇ ವರ್ಷ ಒಂದು ಅಧ್ಯಯನ ಬಂತು. ಅಲ್ಲಿಯ 43 ಮಕ್ಕಳ ಆಸ್ಪತ್ರೆಗಳ ಲೆಕ್ಕವನ್ನು ಎರಡು ರೀತಿ ಮಾಡಿ ನೋಡಿದರು: ಕಾಯಿಲೆಯನ್ನಷ್ಟೇ ಹಿಡಿದು ಒಂದು, ಮನೆಯಿರುವ ಪ್ರದೇಶದ ಆದಾಯ, ವಿಮೆಯಂಥ ಸಂಗತಿಗಳನ್ನೂ ಸೇರಿಸಿ ಇನ್ನೊಂದು. ಕೆಲವು ಆಸ್ಪತ್ರೆಗಳು ದಂಡದ ಗೆರೆಯ ಈಚೆಯಿಂದ ಆಚೆಗೆ ಹೋದವು. ಎಲ್ಲವೂ ಅಲ್ಲ, ಕೆಲವು. ಅದನ್ನೂ ಮರೆಯಬಾರದು.

ಇಂಗ್ಲೆಂಡಿನ ಕಥೆ ಇನ್ನೊಂದು ಮುಖ. ಬ್ರಿಸ್ಟಲ್‌ನಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾವು ಜಾಸ್ತಿ ಆಗುತ್ತಿದ್ದರೂ ಅದು ವರ್ಷಗಟ್ಟಲೆ ನಡೆದುಕೊಂಡೇ ಹೋಯಿತು. 2001ರಲ್ಲಿ ದೊಡ್ಡ ತನಿಖಾ ವರದಿ ಬಂತು. ಆಮೇಲೆ ಅಲ್ಲಿ ಪ್ರತಿ ಆಸ್ಪತ್ರೆಯ ಅಂಕಿ ಬಿಚ್ಚಿಡೋದು ರೂಢಿಯಾಯಿತು. ಆದರೆ 2013ರಲ್ಲಿ ಲೀಡ್ಸ್‌ನಲ್ಲಿ ಪೂರ್ತಿಯಾಗದ ಅಂಕಿ ನೋಡಿ ಮಕ್ಕಳ ಹೃದಯದ ಆಪರೇಷನ್ ನಿಲ್ಲಿಸಿ, ಕೆಲವೇ ದಿನಗಳಲ್ಲಿ ಮತ್ತೆ ಶುರು ಮಾಡಬೇಕಾಯಿತು. ಅಳೆಯದಿದ್ದರೂ ಕಷ್ಟ, ಅರ್ಧಂಬರ್ಧ ಅಳೆದರೂ ಕಷ್ಟ.

ನಮ್ಮ ಕಡೆ ಇಂಥ ಯೋಚನೆ ಮೊದಲೇ ಇತ್ತಾ?

ಇತ್ತು, ಆಸ್ಪತ್ರೆಗೆ ಮಾತ್ರ ಹಚ್ಚಿರಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಗೊತ್ತಲ್ಲ? 35 ಸೂಚಕ ಹಿಡಿದು ರಾಜ್ಯದ ಒಂದೊಂದು ತಾಲ್ಲೂಕನ್ನೂ ತೂಗಿತು. 39 ತಾಲ್ಲೂಕು ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಬಂದವು, ಅದರಲ್ಲಿ ನಮ್ಮ ಭಾಗದವೇ ಜಾಸ್ತಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕೂಡ ಅದೇ ಮಾತು ಹೇಳುತ್ತದೆ: ಓಟ ಶುರುವಾದ ಗೆರೆ ಎಲ್ಲರಿಗೂ ಒಂದೇ ಇರಲಿಲ್ಲ. ಹುಡುಗರ ಸೀಟಿಗೆ, ನೌಕರಿಗೆ ಒಪ್ಪಿಕೊಂಡ ಮಾತನ್ನು ಆಸ್ಪತ್ರೆಯ ಪಟ್ಟಿ ಮಾಡುವಾಗ ಮರೆಯುತ್ತೇವೆ.

2018ರಲ್ಲಿ ಬಂದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಯೋಜನೆಯಲ್ಲಿ ಕರ್ನಾಟಕದಿಂದ ರಾಯಚೂರು, ಯಾದಗಿರಿ ಎರಡೇ ಇದ್ದವು. ಅಲ್ಲಿ ‘ಡೆಲ್ಟಾ ರ್‍ಯಾಂಕಿಂಗ್’ ಅಂತ ಮಾಡುತ್ತಾರೆ. ನೀವು ಎಲ್ಲಿದ್ದೀರಿ ಅಂತಲ್ಲ, ಹೋದ ಸಲಕ್ಕಿಂತ ಎಷ್ಟು ಮುಂದೆ ಬಂದಿರಿ ಅಂತ ನೋಡೋದು. ನನಗೆ ಇದು ಹಿಡಿಸಿದ ಪದ್ಧತಿ. ನೀತಿ ಆಯೋಗ 2021ರಲ್ಲಿ ಜಿಲ್ಲಾಸ್ಪತ್ರೆಗಳ ವರದಿ ಮಾಡಿದಾಗ ಹಾಸಿಗೆಗಳ ಸಂಖ್ಯೆ ನೋಡಿ ಸಣ್ಣ, ಮಧ್ಯಮ, ದೊಡ್ಡ ಅಂತ ಗುಂಪು ಮಾಡಿತು. ಹಾಸಿಗೆ ಎಣಿಸಿದ್ದು ಒಳ್ಳೆಯದೇ. ಆ ಹಾಸಿಗೆ ಮೇಲೆ ಮಲಗಿದವರು ಯಾರು ಅನ್ನೋದನ್ನೂ ನೋಡಿದ್ದರೆ ಇನ್ನೂ ಒಳ್ಳೆಯದಿತ್ತು.

ಹೀಗೆ ರಿಯಾಯಿತಿ ಕೊಟ್ಟರೆ ಆಸ್ಪತ್ರೆಯವರಿಗೆ ಒಳ್ಳೆ ನೆಪ ಸಿಗಲ್ವಾ? “ಜನ ಹಾಗೇ ಸರ್” ಅಂದುಬಿಡ್ತಾರೆ.

ಸಿಗುತ್ತದೆ. ಈ ಪ್ರಶ್ನೆ ಕೇಳಿದವರು ಒಬ್ಬ ಆಶಾ ಅಕ್ಕ, ಮತ್ತು ಅವರ ಅನುಮಾನ ಸರಿ. “ಬಡವರ ಮಕ್ಕಳು, ಹೀಗೇ ಆಗೋದು” ಅಂತ ಸೂತ್ರದೊಳಗೆ ಬರೆದುಬಿಟ್ಟರೆ, ತಾಂಡಾದ ಮಗುವಿನ ಸಾವು ಲೆಕ್ಕಕ್ಕೆ ಮೊದಲೇ ಮಾಫ್ ಆದ ಹಾಗೆ. ಅದಕ್ಕಿಂತ ಕೆಂಪು ಬಣ್ಣವೇ ವಾಸಿ.

ನಾನು ಹೇಳೋದು ಇಷ್ಟು. ಎರಡೂ ಅಂಕಿ ಪಕ್ಕಪಕ್ಕ ಇರಲಿ. ಮೊದಲನೇ ಕಾಲಂನಲ್ಲಿ ಇದ್ದದ್ದು ಇದ್ದ ಹಾಗೆ, ಎಷ್ಟು ಮಕ್ಕಳು ಹೋದವು. ಎರಡನೆಯದರಲ್ಲಿ ಬಂದ ಮಕ್ಕಳ ಸ್ಥಿತಿ, ಮನೆ, ದೂರ ಹಿಡಿದು ಸರಿ ಮಾಡಿದ್ದು. ಮೊದಲನೆಯದು ಸರ್ಕಾರಕ್ಕೆ: ಇಲ್ಲಿ ರಸ್ತೆ ಬೇಕು, ದಾದಿಯರು ಬೇಕು, ತಾಯಂದಿರಿಗೆ ಊಟ ಬೇಕು. ಎರಡನೆಯದು ಆಸ್ಪತ್ರೆಗೆ: ಬಂದ ಮಗುವಿಗೆ ನೀವು ಏನು ಮಾಡಿದಿರಿ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಯಾರಾದರೂ ಒಬ್ಬರು ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ದಾರಿ ಒಂದೇ ಆಸ್ಪತ್ರೆಯೊಳಗೆ ಬಿಡಿಸಿ ನೋಡೋದು. ಪೇಟೆಯ ಮಕ್ಕಳು ಎಷ್ಟು ಗುಣವಾದವು, ತಾಂಡಾದ ಮಕ್ಕಳು ಎಷ್ಟು? ಒಂದೇ ವಾರ್ಡ್, ಅದೇ ಡಾಕ್ಟರ್, ಅದೇ ಔಷಧಿ. ಆದರೂ ಅಂತರ ದೊಡ್ಡದಿದ್ದರೆ, ಆಗ ಆಸ್ಪತ್ರೆಯವರು ಉತ್ತರ ಕೊಡಬೇಕು. ಹಿಂಗೆ ಬಿಡಿಸಿ ಕೇಳುವವರು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಯಾವುದಕ್ಕೆ ರಿಯಾಯಿತಿ ಇಲ್ಲವೇ ಇಲ್ಲ?

ಆಸ್ಪತ್ರೆಯ ಗೋಡೆಯೊಳಗೆ ನಡೆಯುವ ಯಾವುದಕ್ಕೂ ಇಲ್ಲ. ಕೈ ತೊಳೆಯೋದು, ಆಕ್ಸಿಜನ್ ಹಚ್ಚೋದು, ಹೊತ್ತಿಗೆ ಇಂಜೆಕ್ಷನ್, ತೂಕ ನೋಡೋದು, ತಾಯಿಗೆ ತಿಳಿಯುವ ಹಾಗೆ ಹೇಳೋದು. ಇದಕ್ಕೂ ತಾಯಿಯ ಬಡತನಕ್ಕೂ ಸಂಬಂಧ ಇಲ್ಲ.

ಲೆಕ್ಕ ಸರಿ ಮಾಡೋಕೆ ಬೇಕಾದ ಮಾಹಿತಿ ನಮ್ಮ ರಿಜಿಸ್ಟರ್‌ನಲ್ಲಿ ಇದೆಯಾ?

ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಳಾಸದ ಕಾಲಂನಲ್ಲಿ ತಾಲ್ಲೂಕು ಮಾತ್ರ ಟೈಪ್ ಮಾಡುತ್ತಿದ್ದೆ. ‘ಚಿಂಚೋಳಿ’. ಮುಗಿಯಿತು. ದಿನಕ್ಕೆ ಎಂಬತ್ತು ಎಂಟ್ರಿ, ಊರಿನ ಹೆಸರು ಯಾರು ಕೇಳುತ್ತಾರೆ ಅಂತ. ಒಂದು ಮಳೆಗಾಲ ವಾಂತಿಭೇದಿ ಮಕ್ಕಳು ಒಂದೇ ಸಮನೆ ಬಂದವು. ಯಾವ ಊರಿನಿಂದ ಅಂತ ಮೇಲಿನವರು ಕೇಳಿದಾಗ ಕಂಪ್ಯೂಟರ್‌ನಲ್ಲಿ ಇದ್ದದ್ದು ತಾಲ್ಲೂಕಿನ ಹೆಸರು ಅಷ್ಟೇ. ಕೇಸ್ ಶೀಟ್ ಒಂದೊಂದಾಗಿ ತೆಗೆದು ನೋಡಬೇಕಾಯಿತು. ಅರ್ಧಕ್ಕರ್ಧ ಒಂದೇ ಊರಿನವು.

ಈಗ ಊರು, ತಾಂಡಾ, ವಾಡಿ ಎಲ್ಲ ಬರೆಯುತ್ತೇನೆ. ತಾಯಿ ಎಷ್ಟು ಓದಿದ್ದಾಳೆ, ಮನೆಯವರು ಗುಳೆ ಹೋಗುತ್ತಾರಾ, ಆಸ್ಪತ್ರೆಗೆ ಬರೋಕೆ ಎಷ್ಟು ಹೊತ್ತು ಹಿಡಿಯಿತು, ಈ ಮೂರು ಪ್ರಶ್ನೆ ಕೇಳೋಕೆ ಒಂದು ನಿಮಿಷ ಸಾಕು. ನಮ್ಮ ಫಾರಂನಲ್ಲಿ ಅದಕ್ಕೆ ಜಾಗವಿಲ್ಲ. ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ.

ಒಂದು ತಿಂಗಳ ಅಂಕಿ ನೋಡಿ ತೀರ್ಮಾನ ಮಾಡಬಹುದಾ?

ಬೇಡ. ಇಪ್ಪತ್ತು ಮಕ್ಕಳು ಬರುವ ಘಟಕದಲ್ಲಿ ಒಂದು ಮಗು ಹೋದರೆ ಶೇ. 5, ಎರಡು ಹೋದರೆ ಶೇ. 10. ವರ್ಷದ ಅಂಕಿಯಾದರೂ ಬೇಕು, ಸಣ್ಣ ಕಡೆ ಎರಡು ಮೂರು ವರ್ಷದ್ದು.

ಖಾಸಗಿ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಅಂತಾರಲ್ಲ?

ಕೊನೇ ಗಳಿಗೆಯಲ್ಲಿ ‘ದೊಡ್ಡಾಸ್ಪತ್ರೆಗೆ ಒಯ್ಯಿರಿ’ ಅಂತ ಕಳಿಸಿದರೆ ಸಾವು ಅವರ ಪುಸ್ತಕದಲ್ಲಿ ಬರೋದಿಲ್ಲ, ಒಯ್ದ ಕಡೆ ಬರುತ್ತದೆ. ಎಲ್ಲರೂ ಹಾಗೆ ಮಾಡುತ್ತಾರೆ ಅಂತಲ್ಲ. ಸರ್ಕಾರಿ ಆಸ್ಪತ್ರೆಗಳೂ ಸೊಲ್ಲಾಪುರ, ಹೈದರಾಬಾದಿಗೆ ಕಳಿಸುತ್ತವೆ. ಅದಕ್ಕೇ ರೆಫರ್ ಆದ ಮಗು ಮುಂದೆ ಏನಾಯಿತು ಅಂತ ಕಳಿಸಿದ ಆಸ್ಪತ್ರೆಯ ಲೆಕ್ಕಕ್ಕೂ ಬರಬೇಕು. ಇಲ್ಲದಿದ್ದರೆ ಬೇಗ ಕೈ ತೊಳೆದುಕೊಳ್ಳುವವರಿಗೇ ಹಸಿರು ಬಣ್ಣ. ಲೆಕ್ಕ ಸರಿಯಿಲ್ಲದಿದ್ದರೆ ಆಗುವ ದೊಡ್ಡ ಅಪಾಯ ಇದು: ಕಷ್ಟದ ಮಗುವನ್ನು ಒಳಗೆ ತೆಗೆದುಕೊಳ್ಳೋಕೇ ಹಿಂದೆಮುಂದೆ ನೋಡುತ್ತಾರೆ.

ಹೆತ್ತವರು ಏನು ಕೇಳಬೇಕು?

ರ್‍ಯಾಂಕ್ ಕೇಳಬೇಡಿ. ಹೋಗುವ ಮುಂಚೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದದ್ದನ್ನು ನಿಮ್ಮ ಭಾಷೆಯಲ್ಲಿ ಹೇಳಿಸಿಕೊಳ್ಳಿ, ಆಮೇಲೆ ನೀವೇ ತಿರುಗಿ ಹೇಳಿ ತೋರಿಸಿ. ಏನಾದರೆ ತಕ್ಷಣ ಬರಬೇಕು ಅಂತ ಕೇಳಿ. ಗುಳೆ ಹೋಗುವವರಿದ್ದರೆ ಮುಚ್ಚಿಡಬೇಡಿ, ಹೋಗುವ ಊರಿನ ಹೆಸರು ಹೇಳಿ, ಕಾರ್ಡ್ ಜೊತೆಗೇ ಒಯ್ಯಿರಿ. ಹುಟ್ಟಿದ ಕೂಸಿದ್ದರೆ 42 ದಿನದೊಳಗೆ ಆಶಾ ಅಕ್ಕ ಹಲವು ಸಲ ಮನೆಗೆ ಬರಬೇಕು ಅಂತ ನಿಯಮ ಇದೆ. ಬರದಿದ್ದರೆ ಕೇಳಿ.

ಆ ಆರನೇ ದಿನದ ತಾಯಿ ಏನಾದಳು?

ಇದನ್ನು ಓದಿಸಿದ ಎಲ್ಲರೂ ಕೇಳಿದರು. ಸಿಸ್ಟರ್ ಆ ದಿನ ತಡೆದು ನಿಲ್ಲಿಸಿದರು. ಮನೆಯಲ್ಲಿದ್ದ ಎರಡು ಮಕ್ಕಳಲ್ಲಿ ಸಣ್ಣದನ್ನು ವಾರ್ಡಿಗೇ ಕರೆಸಿಕೊಂಡರು. ಹಾಗೆ ಕರೆಸಬಹುದಾ ಅಂತ ಯಾವ ನಿಯಮದಲ್ಲೂ ನೋಡಲಿಲ್ಲ. ದೊಡ್ಡದು ಅಜ್ಜಿಯ ಹತ್ತಿರ ಉಳಿಯಿತು. ಒಂಬತ್ತನೇ ದಿನ ಗಂಡ ಬಂದು ಕರೆದುಕೊಂಡು ಹೋದ. ಅಷ್ಟೊತ್ತಿಗೆ ಮಗುವಿನ ತೂಕ ಅರ್ಧ ಕಿಲೋ ಹತ್ತಿರ ಏರಿತ್ತು, ನಗೋಕೂ ಶುರು ಮಾಡಿತ್ತು. ನಾನು ರಿಜಿಸ್ಟರ್‌ನಲ್ಲಿ ‘ಡಿಫಾಲ್ಟರ್’ ಅಂತ ಬರೆದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ತೊಗರಿ ರಾಶಿ.